ಹನ್ನೊಂದು ಬಿಲ್ಲೆ

ಆಗ ನನಗೆ ಅರವತ್ತಾರು. ಅದಾಗಿ ಈಗ ಐದು ವರ್ಷ. ಇಷ್ಟು ವರ್ಷದಲ್ಲಿ ಎಷ್ಟೋ ಸಂಗತಿ ಮರೆತುಹೋಗಿದೆ, ಇದೊಂದು ಹೋಗುವುದಿಲ್ಲ. ನೆನಪಾದಾಗಲೆಲ್ಲ ಹಳಸಿದ ಗಂಜಿ ಬಾಯಿಗೆ ಹಾಕಿದ ಹಾಗಾಗುತ್ತದೆ.

ನಮ್ಮ ಮನೆ ಮಡಂತ್ಯಾರಿನಿಂದ ಒಳಗೆ ಹೋಗುವ ರಸ್ತೆಯಲ್ಲಿ. ಅಲ್ಲಿ ಬೀಡಿ ಕಟ್ಟದ ಹೆಂಗಸು ಕಡಿಮೆ. ನಾವು ಹದಿನಾಲ್ಕು ಜನ ಸೇರಿ ಒಂದು ಸಂಘ ಮಾಡಿಕೊಂಡಿದ್ದೆವು. ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಭಜನಾ ಮಂದಿರದಲ್ಲಿ ಸೇರುವುದು, ಒಂದು ಗಂಟೆ ಮಾತಾಡುವುದು, ಎದ್ದು ಬರುವುದು. ಕೈಯಲ್ಲಿ ಬೀಡಿ ಎಲೆಯ ಮೊರ, ನಮ್ಮ ತಡ್ಪೆ, ಇಲ್ಲದೆ ಕೂತುಕೊಳ್ಳುವ ಹೊತ್ತು ವಾರಕ್ಕೆ ಅದೊಂದೇ.

ಅಲ್ಲಿಗೆ ಒಂದು ಆದಿತ್ಯವಾರ ದೂರದ ಊರಿನ ಕಾಲೇಜಿನ ಮೇಷ್ಟ್ರು ಒಬ್ಬರು ಜೀಪಿನಲ್ಲಿ ಬಂದರು. ಕನ್ನಡಕ, ಬಿಳಿ ಅಂಗಿ, ಒಳ್ಳೆಯ ಮಾತು. ಜನರು ಸ್ಪರ್ಧೆಯಲ್ಲಿ, ಏಲಂನಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂದು ಕಲಿಯುವುದೇ ಅವರ ಕೆಲಸವಂತೆ. ಅದನ್ನು ಕಲಿಯಲಿಕ್ಕೆ ಸರಕಾರ ಸಂಬಳ ಕೊಡುತ್ತದೆ ಎಂದು ಕೇಳಿ ನಮಗೆ ನಗು ಬಂತು. ಬಂಟ್ವಾಳದಲ್ಲಿ ಒಂದು ಕಡೆ, ಮೂಡಬಿದಿರೆಯಲ್ಲಿ ಒಂದು ಕಡೆ ಆಗಲೇ ಆಟ ಆಡಿಸಿ ಆಗಿತ್ತು. ಬೆಳ್ತಂಗಡಿ ತಾಲೂಕಿನಲ್ಲಿ ಒಂದು ಬಾಕಿ, ಅದು ನಾವು.

ಆಟವನ್ನು ಅವರು ಪುಸ್ತಕದ ಕನ್ನಡದಲ್ಲಿ ನಿಧಾನ ಹೇಳಿದರು, ನಮ್ಮ ಅಧ್ಯಕ್ಷೆ ಅದನ್ನೇ ತುಳುವಿನಲ್ಲಿ ಎರಡು ಸಲ ಹೇಳಿದಳು. ಪ್ರತಿಯೊಬ್ಬಳಿಗೂ ಇಪ್ಪತ್ತು ಸ್ಟೀಲಿನ ಬಿಲ್ಲೆ, ನಂಬರು ಬರೆದ ಒಂದು ಡಬ್ಬಿ. ಒಬ್ಬೊಬ್ಬರೇ ಮಂದಿರದ ಪಾತ್ರೆ ಇಡುವ ಕೋಣೆಗೆ ಹೋಗುವುದು, ಮನಸ್ಸು ಬಂದಷ್ಟು ಬಿಲ್ಲೆ ಡಬ್ಬಿಗೆ ಹಾಕುವುದು, ಮುಚ್ಚಳ ಹಾಕಿ ಅಲ್ಲೇ ಇಟ್ಟು ಬರುವುದು. ಯಾರ ಡಬ್ಬಿಯಲ್ಲಿ ಹೆಚ್ಚು ಉಂಟೋ ಅವಳಿಗೆ ಒಂದು ಹೊಸ ಗ್ರೈಂಡರ್. ಉಳಿಸಿಕೊಂಡ ಒಂದೊಂದು ಬಿಲ್ಲೆಗೂ ಕಾಲು ಕಿಲೋ ಸಕ್ಕರೆಯ ಒಂದು ಪ್ಯಾಕೆಟು. ಆದರೆ ಡಬ್ಬಿಗೆ ಹಾಕಿದ ಬಿಲ್ಲೆ ಗೆದ್ದವಳದ್ದೂ ಹೋಯಿತು, ಸೋತವಳದ್ದೂ ಹೋಯಿತು. ಯಾರೂ ಏನೂ ಹಾಕದಿದ್ದರೆ ಚೀಟಿ ಎತ್ತುವುದು. ಯಾರು ಎಷ್ಟು ಹಾಕಿದರು ಎಂದು ಹೆಸರು ಹೇಳುವುದಿಲ್ಲ. ಮುಂದಿನ ಆದಿತ್ಯವಾರ ಬರುತ್ತೇನೆ, ಯೋಚನೆ ಮಾಡಿ ಇಡಿ ಎಂದು ಹೇಳಿ ಅವರು ಹೋದರು.

ಯೋಚನೆ ಮಾಡಲಿಕ್ಕೆ ಏನೂ ಇರಲಿಲ್ಲ. ಗ್ರೈಂಡರ್ ಯಾರಿಗೆ ಬೇಕು ಎಂದು ಹದಿನಾಲ್ಕು ಜನಕ್ಕೂ ಗೊತ್ತಿತ್ತು.

ನನ್ನ ಮನೆಯ ಆಚೆ ಮನೆಯಲ್ಲಿ ಇದ್ದವಳಿಗೆ ಆಗ ನಲವತ್ತೈದರ ಮೇಲೆ. ಗಂಡ ಇಲ್ಲ, ಒಬ್ಬಳು ಅತ್ತೆ ಇದ್ದಾಳೆ, ಅವಳಿಗೆ ಕಣ್ಣು ಕಾಣುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಮೀನು ಕೊಯ್ಯುವಾಗ ಬಲಗೈ ಹೆಬ್ಬೆರಳಿಗೆ ಮುಳ್ಳು ಹೊಕ್ಕು ಕೀವಾಯಿತು. ಅರಸಿನ ಮೆತ್ತಿ ಮೆತ್ತಿ ದಿನ ಕಳೆದಳು. ಕೊನೆಗೆ ಬಂಟ್ವಾಳಕ್ಕೆ ಹೋಗುವಾಗ ಬೆರಳು ಕರಿ ಹಿಡಿದಿತ್ತು, ಡಾಕ್ಟರು ಅರ್ಧ ತೆಗೆದರು. ಹೆಬ್ಬೆರಳಿನ ಉಗುರಿಲ್ಲದೆ ಬೀಡಿಯ ಬಾಯಿ ಮಡಚಲಿಕ್ಕೆ ಆಗುವುದಿಲ್ಲ. ಎಲೆ ಸುತ್ತಬಹುದು, ನೂಲು ಹಾಕಬಹುದು, ಬಾಯಿ ಮುಚ್ಚದ ಬೀಡಿಯನ್ನು ಕಂಪೆನಿಯ ಬ್ರಾಂಚಿನಲ್ಲಿ ತೆಗೆದುಕೊಳ್ಳುವುದಿಲ್ಲ. ದಿನಕ್ಕೆ ಸಾವಿರ ಕಟ್ಟುತ್ತಿದ್ದವಳು ಇನ್ನೂರಕ್ಕೆ ಬಂದಳು, ಅದರಲ್ಲಿಯೂ ಅರ್ಧ ವಾಪಸು.

ಪೇಟೆಯ ಹೊಟೇಲಿನವನೊಬ್ಬ ಅವಳ ಕಷ್ಟ ನೋಡಿ, ದಿನಾ ಬೆಳಿಗ್ಗೆ ಐದು ಗಂಟೆಗೆ ದೋಸೆ ಹಿಟ್ಟು ಮಾಡಿ ಕೊಟ್ಟರೆ ತೆಗೆದುಕೊಳ್ಳುತ್ತೇನೆ ಎಂದಿದ್ದ. ಕಡೆಯುವ ಕಲ್ಲು ತಿರುಗಿಸಲು ಅವಳ ಕೈಗೆ ಆಗುವುದಿಲ್ಲ. ಗ್ರೈಂಡರ್ ಇದ್ದರೆ ಆದೀತು. ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡುತ್ತೇನೆ ಎಂದು ಅವನು ಹೇಳಿ ಆಗಿತ್ತು. ಆಗಲೇ ಈ ಮೇಷ್ಟ್ರು ಬಂದದ್ದು.

ನಮ್ಮ ಭಜನಾ ಮಂದಿರದಲ್ಲಿ ವರ್ಷಕ್ಕೊಮ್ಮೆ ಮಂಗಳೋತ್ಸವ ಆದ ಮೇಲೆ ಏಲಂ ಉಂಟು. ಜನರು ಹರಕೆಗೆ ತಂದ ಕುಂಬಳಕಾಯಿ, ಹಲಸಿನಹಣ್ಣು, ಬಾಳೆಗೊನೆ ಎಲ್ಲ ಕೂಗುತ್ತಾರೆ. ಅಲ್ಲಿ ಒಂದು ಕ್ರಮ ಹಿಂದಿನಿಂದ ಬಂದದ್ದು. ಯಾರಾದರೂ ಎದ್ದು, ಈ ಗೊನೆ ನನ್ನ ಹರಕೆಗೆ ಬೇಕು ಎಂದು ಹೇಳಿದರೆ ಆ ಮೇಲೆ ಯಾರೂ ಅದಕ್ಕೆ ಕೂಗುವುದಿಲ್ಲ. ಎಂಥ ಜಗಳಗಂಟನಾದರೂ ಬಾಯಿ ಮುಚ್ಚಿ ಕೂರುತ್ತಾನೆ. ನಾನು ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ಒಬ್ಬನೂ ತಪ್ಪಿದ್ದಿಲ್ಲ.

ಮೇಷ್ಟ್ರ ಜೀಪು ಹೋದ ಮೇಲೆ ಅಧ್ಯಕ್ಷೆಯೇ ಅದನ್ನು ನೆನಪು ಮಾಡಿದಳು. ಇದನ್ನೂ ಹರಕೆಯ ಗೊನೆಯ ಹಾಗೆ ಬಿಟ್ಟುಬಿಡುವ ಎಂದಳು. ಅವಳೊಬ್ಬಳು ಒಂದೇ ಒಂದು ಬಿಲ್ಲೆ ಹಾಕಲಿ, ನಾವು ಹದಿಮೂರು ಜನ ಸೊನ್ನೆ. ಅವಳಿಗೆ ಗ್ರೈಂಡರ್ ಸಿಗುತ್ತದೆ, ನಮಗೆ ಒಬ್ಬೊಬ್ಬರಿಗೆ ಐದು ಕಿಲೋ ಸಕ್ಕರೆ ಸಿಗುತ್ತದೆ, ಆ ಮೇಷ್ಟ್ರು ಬಾಯಿ ಬಿಟ್ಟು ನೋಡಲಿ. ಎಲ್ಲರೂ ಹೌದು ಹೌದು ಎಂದೆವು. ದೇವರ ಪಟದ ಎದುರು ದೀಪ ಉರಿಯುತ್ತಿತ್ತು, ಒಬ್ಬೊಬ್ಬರೇ ಹೋಗಿ ದೀಪಕ್ಕೆ ಕೈ ಹಿಡಿದು ಆಣೆ ಮಾಡಿ ಬಂದೆವು. ಆಚೆ ಮನೆಯವಳು ಮೂಲೆಯಲ್ಲಿ ಕೂತು ಸೆರಗಿನಲ್ಲಿ ಕಣ್ಣು ಒರಸಿದಳು. ಆ ವಾರವಿಡೀ ನಮಗೆ ನಮ್ಮ ಮೇಲೆ ಬಹಳ ಪ್ರೀತಿ. ಬ್ರಾಂಚಿನಲ್ಲಿ ಎಲೆಗೆ ಕಾಯುವಾಗಲೂ ಅದೇ ಮಾತು, ನಮ್ಮ ಸಂಘದ ಹಾಗೆ ಒಂದು ಸಂಘ ಇಲ್ಲ ಎಂದು.

ಆದರೆ ಏಲಂನಲ್ಲಿ ಕೂಗಿದವನ ಬಾಯಿ ಊರಿಗೆಲ್ಲ ಕಾಣುತ್ತದೆ. ಪಾತ್ರೆಯ ಕೋಣೆಯಲ್ಲಿ ಕೈ ಯಾರಿಗೆ ಕಾಣುತ್ತದೆ? ಇಷ್ಟು ಸಣ್ಣ ವಿಷಯ ನಮಗೆ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದಿತ್ತೋ ಏನೋ, ಯಾರೂ ಹೇಳಲಿಲ್ಲ.

ಮುಂದಿನ ಆದಿತ್ಯವಾರ ಮೇಷ್ಟ್ರು ಬಂದರು. ಜೀಪಿನ ಹಿಂದೆ ಸಕ್ಕರೆಯ ಪ್ಯಾಕೆಟು ತುಂಬಿದ ಚೀಲಗಳು, ಮೇಲೆ ಗ್ರೈಂಡರಿನ ಪೆಟ್ಟಿಗೆ. ಪೆಟ್ಟಿಗೆಯನ್ನು ತಂದು ದೇವರ ಎದುರಿನ ಮಣೆಯ ಮೇಲೆಯೇ ಇಟ್ಟರು. ಇಡದಿದ್ದರೆ ಚೆನ್ನಾಗಿತ್ತು. ಕಣ್ಣೆದುರು ಇಲ್ಲದಾಗ ಅದು ಅವಳ ಗ್ರೈಂಡರ್ ಆಗಿತ್ತು. ಪೆಟ್ಟಿಗೆ ಬಿಡಿಸಿ ಹೊರಗೆ ತೆಗೆದಾಗ ಬರೀ ಗ್ರೈಂಡರ್ ಆಯಿತು. ಕೆಂಪು ಬಣ್ಣದ್ದು. ಹೆಂಗಸರು ಮುಟ್ಟಿ ಮುಟ್ಟಿ ನೋಡಿದರು, ಕಲ್ಲು ಎತ್ತಿ ನೋಡಿದರು, ಎಷ್ಟು ಸೇರು ಅಕ್ಕಿ ಹಿಡಿಯಬಹುದು ಎಂದು ಕೇಳಿದರು. ನಾನೂ ಮುಟ್ಟಿದೆ.

ಒಬ್ಬೊಬ್ಬರೇ ಒಳಗೆ ಹೋಗಲು ಶುರುವಾಯಿತು. ಕೋಣೆಗೆ ಬಾಗಿಲಿಲ್ಲ, ಒಂದು ಹಳೆಯ ಸೀರೆ ಕಟ್ಟಿದ್ದರು. ಡಬ್ಬಿ ತಗಡಿನದ್ದು, ಬಿಲ್ಲೆ ಸ್ಟೀಲಿನದ್ದು, ಬಿದ್ದರೆ ಶಬ್ದ ಆಗಲೇಬೇಕು. ಹೊರಗೆ ಕೂತವರು ಮಾತು ನಿಲ್ಲಿಸಿ ಕಿವಿ ಕೊಟ್ಟೆವು. ಮೊದಲು ಹೋದದ್ದು ಅಧ್ಯಕ್ಷೆ. ಏನೂ ಶಬ್ದ ಇಲ್ಲ. ಎರಡನೆಯವಳು ಹೋದಳು, ಶಬ್ದ ಇಲ್ಲ. ಮೂರನೆಯವಳದ್ದೂ ಇಲ್ಲ. ಒಬ್ಬಳು ನನ್ನ ತೊಡೆ ತಿವಿದು, ನೋಡಿದ್ರಾ ನಮ್ಮವರ ಮಾತು ಅಂದರೆ ಮಾತು ಎಂದಳು. ನಾನು ತಲೆಯಾಡಿಸಿದೆ. ಐದನೆಯವಳಾಗಿ ಆಚೆ ಮನೆಯವಳು ಹೋದಳು. ಟಣ್ ಎಂದು ಒಂದು ಶಬ್ದ ಬಂತು. ಒಂದೇ. ಎಲ್ಲರೂ ನಕ್ಕೆವು. ಅವಳೂ ನಗುತ್ತಾ ಹೊರಗೆ ಬಂದಳು.

ಆ ದಿನ ಆ ಕೋಣೆಯಿಂದ ಬಂದ ಶಬ್ದ ಅದೊಂದೇ.

ನನ್ನ ಸರದಿ ಒಂಬತ್ತನೆಯದು. ಒಳಗೆ ಹೋದೆ. ದೊಡ್ಡ ದೊಡ್ಡ ಕಡಾಯಿ, ಸೌಟು, ಎಣ್ಣೆಯ ಜಿಡ್ಡಿನ ವಾಸನೆ. ಡಬ್ಬಿ ಕೈಯಲ್ಲಿ ಹಿಡಿದು ನಿಂತೆ. ಮೊದಲು ತಲೆಗೆ ಬಂದದ್ದು ಹೀಗೆ. ಇಷ್ಟು ಜನರಲ್ಲಿ ಒಬ್ಬಳಾದರೂ ಮೋಸ ಮಾಡದೆ ಇರುತ್ತಾಳಾ, ಮಾಡಿದರೆ ಆ ಬಡವಿಗೆ ಗ್ರೈಂಡರ್ ತಪ್ಪುತ್ತದೆ, ಆದ ಕಾರಣ ನಾನು ಹಾಕಿ ಗೆದ್ದು ಅವಳಿಗೇ ಕೊಡುವುದು ಒಳ್ಳೆಯದು. ಕೇಳಲಿಕ್ಕೆ ಎಷ್ಟು ಚಂದ. ನಾನು ಒಪ್ಪಿಬಿಟ್ಟೆ.

ಅದರ ಹಿಂದೆಯೇ ಇನ್ನೊಂದು ಬಂತು. ನಮ್ಮ ಮನೆಯಲ್ಲಿಯೂ ಕಡೆಯುವ ಕಲ್ಲೇ. ನನಗೂ ಮೊಣಕಾಲು ಸರಿಯಾಗಿ ಬಗ್ಗುವುದಿಲ್ಲ. ಒಂದೆರಡು ವರ್ಷ ನಾನು ಇಟ್ಟುಕೊಂಡು ಆಮೇಲೆ ಅವಳಿಗೆ ಕೊಟ್ಟರೂ ಕೊಟ್ಟ ಹಾಗೆಯೇ ಅಲ್ಲವಾ.

ಡಬ್ಬಿಯ ತಳಕ್ಕೆ ಸೆರಗಿನ ತುದಿ ತುರುಕಿದೆ. ಒಂದೊಂದಾಗಿ ಬಿಲ್ಲೆಯನ್ನು ಬಟ್ಟೆಯ ಮೇಲೆ ಇಟ್ಟು ಮೆಲ್ಲನೆ ಸೆರಗು ಎಳೆದುಕೊಂಡೆ. ಬೆಕ್ಕು ಅಡುಗೆಕೋಣೆಗೆ ಹೋದ ಹಾಗೆ ಒಂದು ಸದ್ದೂ ಇಲ್ಲ. ಹನ್ನೊಂದಕ್ಕೆ ಕೈ ನಿಂತಿತು. ಹನ್ನೊಂದು ಯಾಕೆಂದರೆ ಅರ್ಧಕ್ಕಿಂತ ಒಂದು ಹೆಚ್ಚು, ಅಷ್ಟು ಯಾರು ಹಾಕುತ್ತಾರೆ ಎಂದು. ಇಪ್ಪತ್ತೂ ಹಾಕದೆ ಇದ್ದದ್ದು ಸಕ್ಕರೆಯ ಆಸೆಗೆ. ಗೆಲ್ಲಲೂ ಬೇಕು, ಸಕ್ಕರೆಯೂ ಬೇಕು. ಹೊರಗೆ ಬಂದು ಕೂತಾಗ ನನ್ನ ಮುಖ ಎಲ್ಲರ ಮುಖದ ಹಾಗೆಯೇ ಇದ್ದಿರಬೇಕು. ಪಕ್ಕದವಳು, ನಿಮ್ಮದೂ ಸೊನ್ನೆ ಅಲ್ಲವಾ ಎಂದು ಕೇಳಲೂ ಇಲ್ಲ.

ಎಲ್ಲರದ್ದೂ ಆಯಿತು. ಮೇಷ್ಟ್ರು ಒಳಗೆ ಹೋಗಿ ಎಣಿಸಿ ಬಂದು ಭಜನೆಯ ಪಟ್ಟಿ ಬರೆಯುವ ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದರು, ಮೇಲಿನಿಂದ ಕೆಳಗೆ. ನನಗೆ ಅಕ್ಷರ ಓದಲು ಹೊತ್ತು ಬೇಕು, ಅಂಕಿಗೆ ಬೇಡ. ಇಪ್ಪತ್ತು. ಹದಿನೆಂಟು. ಹದಿನೈದು. ಹದಿನಾಲ್ಕು. ಹನ್ನೆರಡು. ಹನ್ನೊಂದು, ಮತ್ತೊಂದು ಹನ್ನೊಂದು. ಹತ್ತು. ಎಂಟು. ಆರು. ಐದು. ಒಂದು. ಕೊನೆಗೆ ಎರಡು ಸೊನ್ನೆ.

ಆಚೆ ಮನೆಯವಳು ಹಲಗೆ ನೋಡಿದಳು, ಮತ್ತೆ ನೋಡಿದಳು. ತನ್ನ ಒಂದು ಎಲ್ಲಿದೆ ಎಂದು ಮೇಲಿನಿಂದ ಹುಡುಕಿಕೊಂಡು ಬಂದದ್ದು ನನಗೆ ಕಂಡಿತು.

ಮೇಷ್ಟ್ರು ಪುಸ್ತಕದಲ್ಲಿ ಬರೆದುಕೊಂಡರು. ಮುಖದಲ್ಲಿ ಸಣ್ಣ ನಗು, ಅಡಿಗೆ ಸರಿಯಾದಾಗ ಭಟ್ಟರು ನಗುವ ಹಾಗೆ. ಬೇಸರ ಮಾಡಬೇಡಿ, ಎಲ್ಲಾ ಕಡೆಯೂ ಹೀಗೆಯೇ ಎಂದರು. ಬಂಟ್ವಾಳದ ಹೆಂಗಸರೂ ಹಾಕುವುದು ಬೇಡ ಎಂದು ಮೊದಲೇ ಮಾತಾಡಿಕೊಂಡು ಬಂದಿದ್ದರಂತೆ, ಮೂಡಬಿದಿರೆಯಲ್ಲಿಯೂ ಮಾತಾಡಿಕೊಂಡಿದ್ದರಂತೆ, ಎರಡು ಕಡೆಯೂ ಡಬ್ಬಿ ತೆರೆದರೆ ಇದೇ.

ನನಗೆ ಸಿಟ್ಟು ಬಂತು. "ಎಲ್ಲಾ ಕಡೆ ಹೀಗೆ ಅಂತ ಗೊತ್ತಿದ್ರೆ ಮತ್ತೆ ಇಲ್ಲಿಗೆ ಬಂದದ್ದು ಯಾಕೆ ಮೇಷ್ಟ್ರೇ?"

"ನೋಡಬೇಕಲ್ಲ ಅಮ್ಮ," ಎಂದರು ಅವರು, ತಾಳ್ಮೆಯಿಂದ.

ನೋಡಲಿಕ್ಕೆ. ದನ ಕರು ಹಾಕುವುದನ್ನು ನೋಡಲು ಬಂದವರ ಹಾಗೆ. ಆದರೆ ಆ ಮನುಷ್ಯನನ್ನು ಬೈದು ಏನು, ಅವರು ನಮ್ಮ ಕೈ ಹಿಡಿದು ಹಾಕಿಸಿದ್ದಾ?

ಹೆಸರು ಹೇಳುವುದಿಲ್ಲ ಎಂದದ್ದು ಸರಿ, ಆದರೆ ಗ್ರೈಂಡರನ್ನು ಸೆರಗಿನೊಳಗೆ ಅಡಗಿಸಿ ಒಯ್ಯಲಿಕ್ಕೆ ಆಗುತ್ತದಾ? ಗೆದ್ದವಳು ಏಳಲೇಬೇಕು. ಅಧ್ಯಕ್ಷೆ ಎದ್ದಳು. ಇಪ್ಪತ್ತೂ ಹಾಕಿದ್ದು ಅವಳು. ಅವಳ ಮನೆಯಲ್ಲಿ ಗ್ರೈಂಡರ್ ಮೊದಲೇ ಒಂದು ಉಂಟು, ಮಿಕ್ಸಿಯೂ ಉಂಟು. ಗ್ರೈಂಡರಿನ ಮೇಲೆ ಕೈ ಇಟ್ಟು ಆಚೆ ಮನೆಯವಳ ಕಡೆಗೆ ತಿರುಗಿದಳು.

"ಯಾರಾದ್ರೂ ಮೋಸ ಮಾಡಿದ್ರೆ ಅಂತ ಹೆದರಿ ನಾನು ಹಾಕಿದ್ದು ಮಾರಾಯ್ತಿ. ಗೆದ್ದು ನಿನಗೇ ಕೊಡುವ ಅಂತ."

ಆ ಕೋಣೆಯಲ್ಲಿ ಕಡಾಯಿಗಳ ನಡುವೆ ನಿಂತು ನಾನು ನನಗೇ ಹೇಳಿಕೊಂಡ ಮಾತು ಅದು. ನನ್ನ ತಲೆಯೊಳಗೆ ಇದ್ದಾಗ ಒಳ್ಳೆಯ ಮಾತಾಗಿತ್ತು. ಇನ್ನೊಬ್ಬಳ ಬಾಯಿಯಿಂದ ಬಂದಾಗ ನಾರುತ್ತಿತ್ತು. ಸುತ್ತ ಕೂತವರನ್ನು ನೋಡಿದೆ. ನಾಲ್ಕೈದು ಜನ ತಲೆ ತಗ್ಗಿಸಿದ್ದರು. ಅವರೂ ಅದನ್ನೇ ಹೇಳಿಕೊಂಡಿದ್ದರು ಎಂದು ನನಗೆ ಆಗಲೇ ಗೊತ್ತಾಯಿತು.

ಹಾಗಾದರೆ ಕೊಟ್ಟಳಾ? ಕೊಡಲಿಲ್ಲ. ಇವಳ ಮನೆಯ ಕರೆಂಟು ಸರಿ ಇಲ್ಲ, ಅಲ್ಲಿಟ್ಟರೆ ಮೋಟಾರು ಸುಟ್ಟು ಹೋಗುತ್ತದೆ, ಆದ ಕಾರಣ ನನ್ನ ಮನೆಯಲ್ಲಿ ಇರಲಿ, ಬೇಕಾದಾಗ ಬಂದು ಅರೆದುಕೊಂಡು ಹೋಗಲಿ ಎಂದಳು. ಅಧ್ಯಕ್ಷೆಯ ಮನೆ ಗುಡ್ಡದ ಆ ಕಡೆ, ನಡೆದರೆ ಮುಕ್ಕಾಲು ಗಂಟೆ. ಹೊಟೇಲಿಗೆ ಹಿಟ್ಟು ಬೇಕಾದದ್ದು ಬೆಳಿಗ್ಗೆ ಐದಕ್ಕೆ. ಎಲ್ಲರಿಗೂ ಇದು ಗೊತ್ತು. ಆದರೂ ಎರಡು ಮೂರು ಜನ, ಒಳ್ಳೆಯ ಮನಸ್ಸು ಎಂದರು. ಆಚೆ ಮನೆಯವಳು, ಆಯ್ತಕ್ಕ ಎಂದಳು. ಅಷ್ಟೇ. ನನಗೆ ಅವಳ ಮೇಲೆಯೂ ಅಸಹ್ಯ ಬಂತು, ಹಾಗೆ ಆಯ್ತಕ್ಕ ಎಂದದ್ದಕ್ಕೆ. ಉಗುಳಬಾರದಿತ್ತಾ?

ಸಕ್ಕರೆ ಕೊಡಲು ಶುರುವಾಯಿತು. ಮೇಷ್ಟ್ರು ಬುದ್ಧಿವಂತರು, ಒಳಗೆ ಏನಿದೆ ಎಂದು ಕಾಣಬಾರದೆಂದು ಕಪ್ಪು ಚೀಲ ತಂದಿದ್ದರು. ಆದರೆ ಭಾರಕ್ಕೆ ಕಪ್ಪು ಬಿಳಿ ಉಂಟಾ? ಸೊನ್ನೆ ಹಾಕಿದವಳ ಚೀಲ ಐದು ಕಿಲೋ, ಹದಿನೆಂಟು ಹಾಕಿದವಳದ್ದು ಅರ್ಧ ಕಿಲೋ. ಮಂದಿರದಿಂದ ರಸ್ತೆಗೆ ಇಳಿಯುವಾಗ ನಮ್ಮ ಹೆಂಗಸರ ನಡಿಗೆ ನೋಡಬೇಕಿತ್ತು. ಎರಡು ಪ್ಯಾಕೆಟಿನ ಚೀಲ ಹಿಡಿದವಳು ಒಂದು ಕಡೆಗೆ ವಾಲಿ, ಸೊಂಟಕ್ಕೆ ಕೈ ಕೊಟ್ಟು, ದಾರಿಯಲ್ಲಿ ನಿಂತು ಕೈ ಬದಲಾಯಿಸಿಕೊಂಡು ನಡೆದಳು. ಇನ್ನೊಬ್ಬಳು ಖಾಲಿ ಜಾಗಕ್ಕೆ ಕೊಡೆ, ಚಪ್ಪಲಿ ಎಲ್ಲ ತುರುಕಿ ಚೀಲ ಉಬ್ಬಿಸಿದ್ದಳು. ಬರಿಗಾಲಿನಲ್ಲಿ ಹೋಗುತ್ತಿದ್ದಳು, ಚಪ್ಪಲಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ದಾರಿಯುದ್ದಕ್ಕೂ ಒಬ್ಬೊಬ್ಬರೇ ಆಚೆ ಮನೆಯವಳ ಹತ್ತಿರ ಬಂದು ಕಿವಿಯಲ್ಲಿ ಹೇಳಿ ಹೋದರು, ಆ ಸೊನ್ನೆ ನನ್ನದು ಎಂದು. ನಾನು ಎಣಿಸಿದೆ. ನಮ್ಮ ಗೇಟಿಗೆ ಬರುವಷ್ಟರಲ್ಲಿ ಏಳು ಜನ. ಸೊನ್ನೆ ಇದ್ದದ್ದು ಎರಡು.

ಸೊನ್ನೆ ಹಾಕಿದ್ದ ಒಬ್ಬಳು ಮಾತ್ರ ಹೇಳಲಿಲ್ಲ. ಆಚೆ ಮನೆಯವಳ ಜೊತೆ ಬೇಲಿಯ ಹಲಸಿನ ಮರಕ್ಕಾಗಿ ಹತ್ತು ವರ್ಷದಿಂದ ಜಗಳವಾಡಿ ಮಾತು ಬಿಟ್ಟವಳು. ನಿಜವಾದ ಐದು ಕಿಲೋದ ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡು ಎಲ್ಲರಿಗಿಂತ ಮುಂದೆ, ಹಿಂದೆ ತಿರುಗದೆ ಹೋದಳು. ಇನ್ನೊಂದು ಸೊನ್ನೆ ಯಾರದ್ದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆಚೆ ಮನೆಯವಳ ಕೈ ಸರಿ ಇಲ್ಲದ್ದರಿಂದ ಅವಳ ಚೀಲವನ್ನೂ ನಾನೇ ಹಿಡಿದುಕೊಂಡಿದ್ದೆ. ಅವಳದ್ದು ಹತ್ತೊಂಬತ್ತು ಪ್ಯಾಕೆಟು, ನನ್ನದು ಒಂಬತ್ತು. ಎರಡು ಚೀಲ ಹಿಡಿದವಳ ಭಾರವನ್ನು ಯಾರು ಅಳೆಯುತ್ತಾರೆ? ಅವಳ ಮನೆ ಬಂದಾಗ ಕೂತು ಹೋಗಿ ಎಂದಳು. ಕೂತೆ. ಆ ಸಕ್ಕರೆಯನ್ನೇ ಒಡೆದು ಎರಡು ಚಮಚ ಹಾಕಿ ಚಾ ಮಾಡಿ ತಂದಳು.

"ಅವರೆಲ್ಲ ಹೇಳಿದ್ದು ಸುಳ್ಳು ಅಂತ ನನಗೆ ಗೊತ್ತುಂಟು ಅಕ್ಕ," ಎಂದಳು. "ಒಂದು ಸೊನ್ನೆ ನಿಮ್ಮದು. ನೀವು ಹೇಳಲೂ ಇಲ್ಲ, ಅದಕ್ಕೇ ಗೊತ್ತಾದದ್ದು."

ನಾನು ಚಾ ಕುಡಿದೆ. ಲೋಟ ತಳದವರೆಗೆ ಖಾಲಿ ಮಾಡಿದೆ. ಕತ್ತಲಾಗುತ್ತದೆ ಎಂದು ಎದ್ದು ಬಂದೆ. ದಾರಿಯಲ್ಲಿ ವಾಲಿಕೊಂಡು ನಡೆದವರಿಗೆ ನಾನು ಮನಸ್ಸಿನಲ್ಲೇ ಇಟ್ಟ ಬೈಗುಳದ ಹೆಸರುಗಳೆಲ್ಲ ನನಗೆ ಇಟ್ಟರೂ ಸಾಲದು ಎಂದು ತೋರಿತು. ಅವರು ಕೇಳದೆ ಸುಳ್ಳು ಹೇಳಿದರು. ನಾನು ಸುಮ್ಮನೆ ಕೂತು, ಅವಳಿಂದ ಚಾ ಮಾಡಿಸಿಕೊಂಡು ಸುಳ್ಳು ಹೇಳಿದೆ. ನಮ್ಮ ಮನೆಯಲ್ಲಿ ಸೊಸೆ ಒಂಬತ್ತು ಪ್ಯಾಕೆಟು ಎಣಿಸಿ, ಐದು ಕಿಲೋ ಅಂತ ಹೇಳಿದ್ದಲ್ವಾ ಅತ್ತೆ ಎಂದು ಕೇಳಿದಳು. ಅವಳಿಗೆ ಗದರಿಸಿ ಬಾಯಿ ಮುಚ್ಚಿಸಿದೆ.

ಮರುದಿನ ಬೆಳಿಗ್ಗೆ ಎದ್ದವಳು ಹಾಲು ಕರೆದು ಇಟ್ಟು ನೇರ ಆಚೆ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಕೂತು ಎಡಗೈಯಲ್ಲಿ ಒಂದು ಮೊಳೆ ಹಿಡಿದು ಬೀಡಿಯ ಬಾಯಿ ಒತ್ತಲು ನೋಡುತ್ತಿದ್ದಳು. ಎಲೆ ಹರಿದು ಹೊಗೆಸೊಪ್ಪು ಮಡಿಲಿಗೆ ಚೆಲ್ಲಿತ್ತು. ಕೂತುಕೊಳ್ಳಿ ಎಂದಳು. ನಾನು ಕೂರಲಿಲ್ಲ.

"ನಿನ್ನೆ ನನ್ನ ಡಬ್ಬಿಯಲ್ಲಿ ಹನ್ನೊಂದು ಇತ್ತು," ಎಂದೆ.

ಅವಳ ಕೈ ನಿಂತಿತು. ಒಳಗಿನಿಂದ ಅವಳ ಅತ್ತೆ, ಯಾರದು ಎಂದು ಕೇಳಿದಳು. ಇವಳು ಮೊಳೆ ಕೆಳಗಿಟ್ಟಳು.

"ಹನ್ನೊಂದಾ?"

"ಹನ್ನೊಂದು."

ಅವಳು ಮಡಿಲಿಗೆ ಚೆಲ್ಲಿದ ಸೊಪ್ಪನ್ನು ಕೂಡಿಸಿ ತಡ್ಪೆಗೆ ಹಾಕಿದಳು. "ಹಾಕುವುದಾದ್ರೆ ಸರಿಯಾಗಿ ಹಾಕಬೇಕಿತ್ತು ಅಕ್ಕ. ಹನ್ನೊಂದರಲ್ಲಿ ನಿಮಗೂ ಇಲ್ಲ, ನನಗೂ ಇಲ್ಲ." ಎದ್ದು ಒಳಗೆ ಹೋಗಿ ಒಂದು ದೊಡ್ಡ ಪಾತ್ರೆಯನ್ನು ಎಡಗೈಯಲ್ಲಿ ಎಳೆದುಕೊಂಡು ಬಂದಳು. ನೆನೆಹಾಕಿದ ಅಕ್ಕಿ ಮತ್ತು ಉದ್ದು, ಮೇಲೆ ನೊರೆ ಬಂದು ಹುಳಿ ನಾರುತ್ತಿತ್ತು. ಆದಿತ್ಯವಾರ ಮಂದಿರಕ್ಕೆ ಹೊರಡುವ ಮೊದಲೇ ನೆನೆಹಾಕಿ ಬಂದಿದ್ದಳು, ಸಂಜೆ ಗ್ರೈಂಡರ್ ಬಂದ ಕೂಡಲೇ ಅರೆದು ಸೋಮವಾರ ಬೆಳಿಗ್ಗೆ ಹೊಟೇಲಿಗೆ ಮೊದಲ ಹಿಟ್ಟು ಕೊಡುವ ಎಂದು.

"ನಿಮ್ಮ ದನಕ್ಕೆ ಹಾಕಿ," ಎಂದಳು.

ಪಾತ್ರೆಯನ್ನು ಸೊಂಟಕ್ಕೆ ಏರಿಸಿಕೊಂಡು ಬಂದೆ. ಒಮ್ಮೆಗೇ ಹಾಕಿದರೆ ಹೊಟ್ಟೆ ಉಬ್ಬುತ್ತದೆ ಎಂದು ಅರ್ಧ ತೆಗೆದಿಟ್ಟು, ಉಳಿದದ್ದನ್ನು ತೌಡಿನಲ್ಲಿ ಕಲಸಿ ಇಟ್ಟೆ. ದನ ಮೂತಿ ಮುಳುಗಿಸಿ ತಿಂದು ಮುಗಿಸಿತು. ಆಮೇಲೆ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಅವಳ ಜಗಲಿಯಲ್ಲಿ ಕವುಚಿ ಹಾಕಿ ಬಂದೆ.